ಅಲಾಸ್ಕಾದ ಮೂರು ಮತಗಳು: ವಾಷಿಂಗ್ಟನ್ನಿನ ಲೆಕ್ಕದಲ್ಲಿ ಸಣ್ಣ ರಾಜ್ಯದ ತೂಕ ಎಷ್ಟು?

2025ರ ಜುಲೈ 1ರಂದು ಅಮೆರಿಕದ ಸೆನೆಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಅವರ ತೆರಿಗೆ ಮತ್ತು ಖರ್ಚಿನ ದೊಡ್ಡ ಮಸೂದೆ ಮತಕ್ಕೆ ಬಂತು. ರಾತ್ರಿಯಿಡೀ ನಡೆದ ತಿದ್ದುಪಡಿಗಳ ನಂತರ ಲೆಕ್ಕ ಹಾಕಿದಾಗ ಪರ 50, ವಿರುದ್ಧ 50. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ತಮ್ಮ ಮತ ಸೇರಿಸಿ ಮಸೂದೆಯನ್ನು ದಡ ಮುಟ್ಟಿಸಿದರು. ಪರವಾಗಿ ನಿಂತ ಐವತ್ತು ಜನರಲ್ಲಿ ಕೊನೆಯವರೆಗೂ ಮನಸ್ಸು ತೋರದೆ ಇದ್ದವರು ಅಲಾಸ್ಕಾದ ರಿಪಬ್ಲಿಕನ್ ಸೆನೆಟರ್ ಲೀಸಾ ಮರ್ಕಾವ್‌ಸ್ಕಿ. ಮತ ಹಾಕಿ ಹೊರಬಂದ ಮೇಲೂ ಅವರು ಮಸೂದೆಯನ್ನು ಮೆಚ್ಚಿಕೊಳ್ಳಲಿಲ್ಲ. ಇದು ಇನ್ನೂ ಹದಕ್ಕೆ ಬಂದಿಲ್ಲ, ಪ್ರತಿನಿಧಿ ಸಭೆಯಾದರೂ ಇದನ್ನು ತಿದ್ದಲಿ ಎಂಬರ್ಥದ ಮಾತನ್ನು ಪತ್ರಕರ್ತರಿಗೆ ಹೇಳಿದರು. ಪ್ರತಿನಿಧಿ ಸಭೆ ಒಂದಕ್ಷರವನ್ನೂ ತಿದ್ದದೆ ಜುಲೈ 3ರಂದು ಒಪ್ಪಿಕೊಂಡಿತು. ಮರುದಿನ ಅದು ಕಾನೂನಾಯಿತು.

ದೂರದಿಂದ ನೋಡುವವರಿಗೆ ಇಲ್ಲಿ ಮೂರು ಗೊಂದಲಗಳು ಒಟ್ಟಿಗೆ ಎದುರಾಗುತ್ತವೆ. ಇಷ್ಟವಿಲ್ಲದ ಮಸೂದೆಗೆ ಒಬ್ಬ ಅನುಭವಿ ಸೆನೆಟರ್ ಮತ ಕೊಟ್ಟದ್ದೇಕೆ? ಏಳೂವರೆ ಲಕ್ಷವೂ ಜನರಿಲ್ಲದ ರಾಜ್ಯದ ಒಬ್ಬರ ಕೈಯಲ್ಲಿ 34 ಕೋಟಿ ಜನರ ಕಾನೂನಿನ ಹಣೆಬರಹ ಸಿಕ್ಕಿದ್ದು ಹೇಗೆ? ಎಣ್ಣೆಯ ದುಡ್ಡಿನಿಂದ 8,000 ಕೋಟಿ ಡಾಲರ್‌ಗೂ ಮಿಕ್ಕಿದ ನಿಧಿ ಕಟ್ಟಿಕೊಂಡಿರುವ ಅಲಾಸ್ಕಾ ಒಕ್ಕೂಟ ಸರ್ಕಾರದ ಹಣಕ್ಕೆ ಇಷ್ಟು ಹೋರಾಡುವುದೇಕೆ? ಮೂರಕ್ಕೂ ಉತ್ತರ ಬೇಕೆಂದರೆ ಆ ರಾಜ್ಯದ ನಕ್ಷೆಯಿಂದ ಶುರುಮಾಡಬೇಕು.

ನಕ್ಷೆಯಲ್ಲಿ ದೊಡ್ಡದು, ಜನಗಣತಿಯಲ್ಲಿ ಚಿಕ್ಕದು

1867ರಲ್ಲಿ ಅಮೆರಿಕ ಈ ನೆಲವನ್ನು ರಷ್ಯಾದಿಂದ 72 ಲಕ್ಷ ಡಾಲರ್‌ಗೆ ಕೊಂಡಿತು. 1959ರ ಜನವರಿ 3ರಂದು ಅದು 49ನೇ ರಾಜ್ಯವಾಯಿತು. ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೋಮೀಟರ್. ಟೆಕ್ಸಾಸ್‌ನ ಎರಡು ಪಟ್ಟಿಗಿಂತ ಹೆಚ್ಚು, ಕರ್ನಾಟಕದ ಸುಮಾರು ಒಂಬತ್ತು ಪಟ್ಟು. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 7,33,391 ಮಂದಿ, ಅಂದರೆ ಹುಬ್ಬಳ್ಳಿ-ಧಾರವಾಡ ನಗರಕ್ಕಿಂತ ಕಡಿಮೆ. ಅವರಲ್ಲಿ ಹತ್ತಕ್ಕೆ ನಾಲ್ಕು ಮಂದಿ ಆಂಕರೇಜ್ ಎಂಬ ಒಂದೇ ನಗರದಲ್ಲಿದ್ದಾರೆ.

ಉಳಿದವರು ಚೆದುರಿ ಬದುಕುತ್ತಾರೆ, ಮತ್ತು ಎಲ್ಲ ಖರ್ಚಿನ ಮೂಲ ಆ ಚೆದುರುವಿಕೆ. ರಾಜ್ಯದ ಹೆಚ್ಚಿನ ಹಳ್ಳಿಗಳಿಗೆ ಹೊರಗಿನಿಂದ ರಸ್ತೆಯಿಲ್ಲ. ರಾಜಧಾನಿ ಜೂನೋಗೇ ರಸ್ತೆಯಿಲ್ಲ. ಅಲ್ಲಿಗೆ ಹಡಗಿನಲ್ಲಿ ಹೋಗಬೇಕು, ಇಲ್ಲವೇ ವಿಮಾನದಲ್ಲಿ. ಹೆರಿಗೆಗೆ ಹೋಗಬೇಕಾದ ಗರ್ಭಿಣಿಗೂ, ಶಾಲೆಯ ಅಕ್ಕಿ-ಹಿಟ್ಟಿಗೂ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಗೂ ಸಣ್ಣ ವಿಮಾನ ಅಥವಾ ದೋಣಿಯೇ ಗತಿ. ಜನಸಂಖ್ಯೆಯ ಐದನೇ ಒಂದು ಭಾಗದಷ್ಟಿರುವ ಮೂಲನಿವಾಸಿಗಳಲ್ಲಿ ಅನೇಕರು ಇಂಥ ಹಳ್ಳಿಗಳಲ್ಲೇ ಇದ್ದಾರೆ.

ಇನ್ನೊಂದು ಅಂಕಿ ಇದೆ. ರಾಜ್ಯದ ಒಟ್ಟು ನೆಲ ಸುಮಾರು 36.5 ಕೋಟಿ ಎಕರೆ. ಅದರಲ್ಲಿ ನೂರಕ್ಕೆ ಅರವತ್ತರಷ್ಟು ಇಂದಿಗೂ ಒಕ್ಕೂಟ ಸರ್ಕಾರದ ಸ್ವತ್ತು: ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಕಾಡು, ಸೇನಾ ನೆಲೆ. ರಾಜ್ಯವಾದಾಗ ಅಲಾಸ್ಕಾಕ್ಕೆ ಹತ್ತು ಕೋಟಿ ಎಕರೆಗೂ ಹೆಚ್ಚು ಆರಿಸಿಕೊಳ್ಳುವ ಹಕ್ಕು ಸಿಕ್ಕಿತು. 1971ರ ಒಪ್ಪಂದದ ಕಾನೂನಿನಲ್ಲಿ ಮೂಲನಿವಾಸಿಗಳ ನಿಗಮಗಳಿಗೆ 4.4 ಕೋಟಿ ಎಕರೆ ಬಂತು. ಉಳಿದದ್ದರ ಮೇಲೆ ಏನು ಅಗೆಯಬಹುದು, ಎಲ್ಲಿ ರಸ್ತೆ ಹಾಕಬಹುದು ಎಂಬುದನ್ನು ತೀರ್ಮಾನಿಸುವುದು ವಾಷಿಂಗ್ಟನ್. ಹಾಗಾಗಿ ಅಲಾಸ್ಕಾದವರ ಪಾಲಿಗೆ ಒಕ್ಕೂಟ ಸರ್ಕಾರವೆಂದರೆ ಅನುದಾನ ಕೊಡುವ ಕೈ ಮಾತ್ರವಲ್ಲ, ಜಮೀನಿನ ಯಜಮಾನ ಕೂಡ. ಮುಂದೆ ಬರುವ ವಾದಗಳಲ್ಲಿ ಅರ್ಧದಷ್ಟು ಹುಟ್ಟುವುದು ಇಲ್ಲಿಂದಲೇ.

ಒಬ್ಬ ಪ್ರತಿನಿಧಿ, ಇಬ್ಬರು ಸೆನೆಟರ್

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನಗಳು. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದಾಗ ಜನಸಂಖ್ಯೆಗೆ ತಕ್ಕಂತೆ ಅವನ್ನು ರಾಜ್ಯಗಳಿಗೆ ಹಂಚುತ್ತಾರೆ. ಎಷ್ಟೇ ಚಿಕ್ಕ ರಾಜ್ಯಕ್ಕೂ ಕನಿಷ್ಠ ಒಂದು ಖಾತರಿ. ಅಲಾಸ್ಕಾಕ್ಕೆ 1959ರಿಂದ ಇಂದಿನವರೆಗೂ ಒಂದೇ ಸ್ಥಾನ. ಇಡೀ ರಾಜ್ಯವೇ ಒಂದು ಕ್ಷೇತ್ರ. ಡಾನ್ ಯಂಗ್ 1973ರಿಂದ 2022ರಲ್ಲಿ ತೀರಿಕೊಳ್ಳುವವರೆಗೆ ಆ ಸ್ಥಾನದಲ್ಲಿದ್ದರು. ಅವರ ನಂತರ ಡೆಮಾಕ್ರಾಟ್ ಮೇರಿ ಪೆಲ್ಟೋಲಾ, ಕಾಂಗ್ರೆಸ್‌ಗೆ ಆಯ್ಕೆಯಾದ ಅಲಾಸ್ಕಾದ ಮೊದಲ ಮೂಲನಿವಾಸಿ, ಗೆದ್ದರು. 2024ರಲ್ಲಿ ಅವರನ್ನು ಸೋಲಿಸಿ ರಿಪಬ್ಲಿಕನ್ ನಿಕ್ ಬೆಗಿಚ್ ಬಂದರು.

ಮೇಲ್ಮನೆ ಸೆನೆಟ್‌ನ ಲೆಕ್ಕವೇ ಬೇರೆ. ಅಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರು, ಜನಸಂಖ್ಯೆಯ ಪ್ರಶ್ನೆಯೇ ಇಲ್ಲ. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಕ್ಕೂ ಇಬ್ಬರು, ಅಲಾಸ್ಕಾಕ್ಕೂ ಇಬ್ಬರು. ನಮ್ಮ ರಾಜ್ಯಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವವರಿಗೆ ಇದು ಸುಲಭಕ್ಕೆ ಹೊಂದುವುದಿಲ್ಲ. ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಮ್‌ಗೆ 1; ಅಲ್ಲೂ ಜನಸಂಖ್ಯೆಯೇ ಅಳತೆಗೋಲು. ಅಮೆರಿಕದಲ್ಲಿ ಸಂವಿಧಾನ ಬರೆದವರು ಸಣ್ಣ ರಾಜ್ಯಗಳನ್ನು ಒಕ್ಕೂಟದೊಳಗೆ ತರಲು ಮಾಡಿಕೊಂಡ ರಾಜಿ ಸೆನೆಟ್.

ಅಲಾಸ್ಕಾದ ಇಬ್ಬರು ಸೆನೆಟರುಗಳು ಮರ್ಕಾವ್‌ಸ್ಕಿ ಮತ್ತು ಡಾನ್ ಸಲ್ಲಿವನ್, ಇಬ್ಬರೂ ರಿಪಬ್ಲಿಕನ್. ಮರ್ಕಾವ್‌ಸ್ಕಿ 2002ರಿಂದ ಅಲ್ಲಿದ್ದಾರೆ. 2010ರಲ್ಲಿ ಸ್ವಂತ ಪಕ್ಷದ ಒಳಚುನಾವಣೆಯಲ್ಲಿ ಸೋತರೂ, ಮತಪತ್ರದಲ್ಲಿ ಅಚ್ಚಾಗದ ತಮ್ಮ ಹೆಸರನ್ನು ಮತದಾರರಿಂದ ಕೈಯಾರೆ ಬರೆಸಿ ಗೆದ್ದವರು ಅವರು. ಪಕ್ಷದ ಮುಖಂಡರ ಮುನಿಸಿಗೆ ಅವರು ಅಷ್ಟಾಗಿ ಅಂಜದಿರುವುದಕ್ಕೆ ಆ ಗೆಲುವು ಒಂದು ಕಾರಣ.

ರಾಜ್ಯ ಹಿಂದೆ ಇನ್ನೂ ದೊಡ್ಡ ಬಲ ಕಂಡಿದೆ. 1968ರಿಂದ 2009ರವರೆಗೆ ಸೆನೆಟರ್ ಆಗಿದ್ದ ಟೆಡ್ ಸ್ಟೀವನ್ಸ್ ಖರ್ಚಿನ ಕೀಲಿ ಹಿಡಿದ ಧನವಿನಿಯೋಗ ಸಮಿತಿಯ ಅಧ್ಯಕ್ಷರಾಗಿದ್ದರು. ಹಳ್ಳಿಗಳಿಗೆ ಹಾಲು, ಹಿಟ್ಟು, ತಂಪುಪಾನೀಯವನ್ನು ಮೂಟೆಗಟ್ಟಲೆ ಅಂಚೆ ದರದಲ್ಲಿ ವಿಮಾನಕ್ಕೆ ಹಾಕುವ ಏರ್ಪಾಡು ಅವರ ಕಾಲದ ಕೊಡುಗೆ. ಅದೇ ಬಲ ಅಪಖ್ಯಾತಿಯನ್ನೂ ತಂದಿತು. ಕೆಚಿಕನ್ ಎಂಬ ಊರಿನಿಂದ ಬೆರಳೆಣಿಕೆಯ ಜನರಿರುವ ದ್ವೀಪಕ್ಕೆ ಸೇತುವೆ ಕಟ್ಟಲು 2005ರ ಹೆದ್ದಾರಿ ಕಾನೂನಿನಲ್ಲಿ 22 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿಟ್ಟದ್ದು ಇಡೀ ದೇಶದಲ್ಲಿ ದುಂದುವೆಚ್ಚದ ಗುರುತಾಯಿತು. ಸೇತುವೆ ಕಟ್ಟಲೇ ಇಲ್ಲ. ಸದಸ್ಯರು ತಮ್ಮ ಕ್ಷೇತ್ರಕ್ಕೆ ಹೆಸರಿಟ್ಟು ಹಣ ಬರೆಸಿಕೊಳ್ಳುವ ಪದ್ಧತಿಯನ್ನೇ 2011ರಲ್ಲಿ ನಿಲ್ಲಿಸಿ, ಹತ್ತು ವರ್ಷಗಳ ಮೇಲೆ ಮತ್ತೆ ತಂದರು.

ಎಣ್ಣೆ, ನಿಧಿ ಮತ್ತು ಇಲ್ಲದ ತೆರಿಗೆ

1968ರಲ್ಲಿ ಉತ್ತರ ತುದಿಯ ಪ್ರೂಡೋ ಬೇಯಲ್ಲಿ ಎಣ್ಣೆ ಸಿಕ್ಕಿತು. 1977ರಲ್ಲಿ ಸುಮಾರು 1,300 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ ಶುರುವಾಯಿತು. ಅದಕ್ಕೂ ಮೊದಲೇ, 1976ರಲ್ಲಿ, ರಾಜ್ಯದ ಮತದಾರರು ಬಹಳ ದೂರದೃಷ್ಟಿಯ ಕೆಲಸವೊಂದನ್ನು ಮಾಡಿದ್ದರು: ಖನಿಜದ ರಾಜಧನದಲ್ಲಿ ಕನಿಷ್ಠ ಕಾಲು ಭಾಗ ಒಂದು ಶಾಶ್ವತ ನಿಧಿಗೆ ಹೋಗಬೇಕೆಂದು ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದರು. 1982ರಿಂದ ಆ ನಿಧಿಯ ಗಳಿಕೆಯಲ್ಲಿ ಪ್ರತಿ ನಿವಾಸಿಗೂ, ಮಕ್ಕಳಿಗೂ ಸೇರಿ, ವರ್ಷಕ್ಕೊಮ್ಮೆ ಲಾಭಾಂಶದ ಹಣ ಸಿಗುತ್ತಿದೆ.

ಅದೇ ಹುಮ್ಮಸ್ಸಿನಲ್ಲಿ 1980ರಲ್ಲಿ ರಾಜ್ಯದ ಆದಾಯ ತೆರಿಗೆಯನ್ನು ತೆಗೆದುಹಾಕಿದರು. ರಾಜ್ಯ ಮಟ್ಟದ ಮಾರಾಟ ತೆರಿಗೆಯೂ ಇಲ್ಲ. ಎಣ್ಣೆ ಹರಿಯುವವರೆಗೆ ತೊಂದರೆಯಾಗಲಿಲ್ಲ. 1988ರಲ್ಲಿ ದಿನಕ್ಕೆ ಸುಮಾರು 20 ಲಕ್ಷ ಬ್ಯಾರೆಲ್ ಮುಟ್ಟಿದ ಉತ್ಪಾದನೆ ಈಗ 5 ಲಕ್ಷಕ್ಕಿಂತ ಕೆಳಗಿಳಿದಿದೆ. 2018ರಿಂದ ನಿಧಿಯ ಮೌಲ್ಯದ ನಿಗದಿತ ಪಾಲನ್ನು ಆಡಳಿತದ ಖರ್ಚಿಗೂ ತೆಗೆಯುತ್ತಿದ್ದಾರೆ. ಇಂದು ರಾಜ್ಯ ತನ್ನಿಷ್ಟದಂತೆ ಬಳಸಬಹುದಾದ ಸ್ವಂತ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಈ ನಿಧಿಯಿಂದಲೇ ಬರುತ್ತದೆ.

ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕು. ಬೇರೆ ರಾಜ್ಯದಲ್ಲಿ ಒಕ್ಕೂಟದ ಅನುದಾನ ಕಡಿಮೆಯಾದರೆ ತೆರಿಗೆಯ ದರವನ್ನು ಸ್ವಲ್ಪ ಏರಿಸಿ ಆ ಹಳ್ಳ ತುಂಬಬಹುದು. ಅಲಾಸ್ಕಾದಲ್ಲಿ ಏರಿಸಲು ಆ ಎರಡು ದೊಡ್ಡ ತೆರಿಗೆಗಳೇ ಇಲ್ಲ. ಇರುವುದು ಎರಡೇ ದಾರಿ: ಶಾಲೆ, ರಸ್ತೆ, ಪೊಲೀಸರ ಖರ್ಚು ಕಡಿತ, ಇಲ್ಲವೇ ಜನರ ಲಾಭಾಂಶ ಕಡಿತ. 2022ರಲ್ಲಿ 3,284 ಡಾಲರ್ ಇದ್ದ ಲಾಭಾಂಶ 2025ರಲ್ಲಿ 1,000ಕ್ಕೆ ಇಳಿಯಿತು. 1982ರ ಮೊದಲ ಕಂತೂ 1,000 ಡಾಲರೇ ಆಗಿತ್ತು. ನಾಲ್ಕು ದಶಕಗಳ ಬೆಲೆಯೇರಿಕೆಯನ್ನು ಕಳೆದರೆ ಈಗ ಸಿಕ್ಕಿದ್ದು ಅದರ ಒಂದು ಚೂರು. ನಗರದ ಸಂಬಳದಾರನಿಗೆ ಇದು ಅನಿರೀಕ್ಷಿತ ಹಣ ಇರಬಹುದು. ಡೀಸೆಲ್ಲಿಗೆ ಮೂರು ಪಟ್ಟು ಕೊಡುವ ಹಳ್ಳಿಯ ಮನೆಗೆ ಅದು ಚಳಿಗಾಲದ ಕಾವು.

ಸೂತ್ರಕ್ಕೆ ದೂರ ಕಾಣುವುದಿಲ್ಲ

ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನ ಖರ್ಚನ್ನು ಒಕ್ಕೂಟ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಯಾರ ಪಾಲು ಎಷ್ಟು ಎಂಬುದಕ್ಕೆ ಒಂದು ಸೂತ್ರವಿದೆ: ರಾಜ್ಯದ ತಲಾ ಆದಾಯ ಹೆಚ್ಚಿದ್ದಷ್ಟೂ ಒಕ್ಕೂಟದ ಪಾಲು ಕಡಿಮೆ, ಆದರೆ 50ಕ್ಕಿಂತ ಕೆಳಗಿಳಿಯದು. ಅಲಾಸ್ಕಾದ ತಲಾ ಆದಾಯ ಕಾಗದದ ಮೇಲೆ ಚೆನ್ನಾಗಿದೆ. ಹೀಗಾಗಿ ಅದಕ್ಕೆ ಸಿಗುವ ಮೂಲ ಪಾಲು ಕೆಲವು ವರ್ಷಗಳಿಂದ ಶೇಕಡಾ 50ರಿಂದ 52ರ ಆಸುಪಾಸಿನಲ್ಲಿದೆ. ಬಡ ರಾಜ್ಯಗಳಿಗೆ 70ಕ್ಕೂ ಮೇಲೆ ಸಿಗುತ್ತದೆ.

ಸೂತ್ರದಲ್ಲಿ ಇಲ್ಲದ್ದು ಬೆಲೆ. ಅದೇ ಡಾಲರ್ ಬೆತೆಲ್ ಎಂಬ ಊರಿನಲ್ಲಿ ಎಷ್ಟು ಹಾಲು ತರುತ್ತದೆ, ಒಬ್ಬ ರೋಗಿಯನ್ನು ಆಂಕರೇಜ್‌ಗೆ ಹಾರಿಸಲು ಎಷ್ಟು ಬೇಕು ಎಂದು ಅದು ಕೇಳುವುದಿಲ್ಲ. ಅದೇ ಸರ್ಕಾರ ಬಡತನ ರೇಖೆ ಎಳೆಯುವಾಗ ಅಲಾಸ್ಕಾಕ್ಕೆ ಬೇರೆ ರಾಜ್ಯಗಳಿಗಿಂತ ಶೇಕಡಾ 25ರಷ್ಟು ಎತ್ತರದ ರೇಖೆ ಎಳೆಯುತ್ತದೆ. ಅಲ್ಲಿ ಬದುಕು ದುಬಾರಿ ಎಂದು ಒಂದು ಕಡತದಲ್ಲಿ ಒಪ್ಪಿಕೊಂಡು, ಇನ್ನೊಂದು ಕಡತದಲ್ಲಿ ಮರೆಯುತ್ತದೆ. ಅಲಾಸ್ಕಾದ ದೂರುಗಳಲ್ಲಿ ನನಗೆ ಅತ್ಯಂತ ನ್ಯಾಯವಾದದ್ದು ಎನಿಸುವುದು ಇದೇ. ನಮ್ಮ ದೇಶದ ಹದಿನೈದನೇ ಹಣಕಾಸು ಆಯೋಗ ರಾಜ್ಯಗಳ ಪಾಲು ಲೆಕ್ಕ ಹಾಕುವಾಗ ವಿಸ್ತೀರ್ಣಕ್ಕೆ ಶೇಕಡಾ 15, ಕಾಡಿಗೆ ಶೇಕಡಾ 10 ತೂಕ ಕೊಟ್ಟಿತ್ತು. ಆ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇಕಡಾ 4.713ರಿಂದ 3.647ಕ್ಕೆ ಇಳಿದು ನಮಗೂ ದೊಡ್ಡ ಅಸಮಾಧಾನವಿತ್ತು. ಆದರೂ ನೆಲದ ಅಗಲ ಖರ್ಚು ಹೆಚ್ಚಿಸುತ್ತದೆ ಎಂಬ ತಿಳಿವಳಿಕೆ ಆ ಲೆಕ್ಕದೊಳಗಿತ್ತು.

ಮೆಡಿಕೇಡ್ ಅಲಾಸ್ಕಾದಲ್ಲಿ ಸಣ್ಣ ಯೋಜನೆಯಲ್ಲ. ಸುಮಾರು ಮೂರರಲ್ಲಿ ಒಬ್ಬರು ಅದರಲ್ಲಿದ್ದಾರೆ. 2015ರಲ್ಲಿ ಆಗಿನ ಗವರ್ನರ್ ಬಿಲ್ ವಾಕರ್ ಅದನ್ನು ಇನ್ನಷ್ಟು ಕಡಿಮೆ ಆದಾಯದ ವಯಸ್ಕರಿಗೆ ವಿಸ್ತರಿಸಿದರು. ಆ ಗುಂಪಿನ ಖರ್ಚಿನಲ್ಲಿ ಶೇಕಡಾ 90 ಒಕ್ಕೂಟದ್ದು. ಬುಡಕಟ್ಟು ಸಂಸ್ಥೆಗಳ ಆಸ್ಪತ್ರೆಗಳಲ್ಲಿ ಮೂಲನಿವಾಸಿಗಳಿಗೆ ಆಗುವ ಚಿಕಿತ್ಸೆಗಂತೂ ಪೂರ್ತಿ ಹಣ ಒಕ್ಕೂಟವೇ ಕೊಡುತ್ತದೆ. ಅಂದರೆ ಯಾರಾದರೂ ಈ ಪಟ್ಟಿಯಿಂದ ಹೊರಬಿದ್ದರೆ ರಾಜ್ಯಕ್ಕೆ ಉಳಿಯುವುದು ಅಲ್ಪ, ಹಳ್ಳಿಯ ಆಸ್ಪತ್ರೆ ಕಳೆದುಕೊಳ್ಳುವುದು ಬಹುಪಾಲು.

ಆ ರಾತ್ರಿ ಸಿಕ್ಕಿದ್ದು, ಸಿಗದೆ ಹೋದದ್ದು

ಈಗ ಜುಲೈ 1ಕ್ಕೆ ಮರಳೋಣ. ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಿ ಮತಕ್ಕೆ ಹಾಕಬೇಕೆಂದರೆ 60 ಮತ ಬೇಕು. ಬಜೆಟ್ ಹೊಂದಾಣಿಕೆ ಎಂಬ ವಿಶೇಷ ದಾರಿಯಲ್ಲಿ ಹೋದರೆ ಸರಳ ಬಹುಮತ ಸಾಕು. ಆದರೆ ಆ ದಾರಿಯಲ್ಲಿ ಸೇರಿಸುವ ಪ್ರತಿ ಅಂಶವೂ ನಿಜವಾಗಿ ಬಜೆಟ್‌ಗೆ ಸಂಬಂಧಿಸಿರಬೇಕು. ಅದನ್ನು ಪರಿಶೀಲಿಸುವವರು ಸದನದ ನಿಯಮ ಸಲಹೆಗಾರ್ತಿ ಎಲಿಜಬೆತ್ ಮ್ಯಾಕ್‌ಡೊನೋ.

ರಿಪಬ್ಲಿಕನ್ನರ ಬಳಿ 53 ಸ್ಥಾನಗಳಿದ್ದವು. ಮೇನ್‌ನ ಸೂಸನ್ ಕಾಲಿನ್ಸ್, ನಾರ್ತ್ ಕ್ಯಾರೋಲಿನಾದ ಥಾಮ್ ಟಿಲಿಸ್, ಕೆಂಟಕಿಯ ರ‍್ಯಾಂಡ್ ಪಾಲ್ ಮೂವರೂ ಬೇರೆ ಬೇರೆ ಕಾರಣಕ್ಕೆ ವಿರುದ್ಧ ನಿಂತರು. ಉಳಿದದ್ದು 50. ಇನ್ನೊಬ್ಬರು ಜಾರಿದರೆ ಮಸೂದೆ ಬೀಳುತ್ತಿತ್ತು, ಮತ್ತು ಜಾರಬಹುದಾದವರು ಮರ್ಕಾವ್‌ಸ್ಕಿ ಒಬ್ಬರೇ. ಆದ್ದರಿಂದ ಪಕ್ಷದ ನಾಯಕರು ಅವರ ಸುತ್ತ ಗಂಟೆಗಟ್ಟಲೆ ಕುಳಿತರು.

ಮರ್ಕಾವ್‌ಸ್ಕಿ ಮೊದಲು ಕೇಳಿದ್ದು ಸೂತ್ರದ ತಿದ್ದುಪಡಿಯನ್ನೇ. ಅಲಾಸ್ಕಾ ಮತ್ತು ಹವಾಯಿಗೆ ಮೆಡಿಕೇಡ್‌ನ ಒಕ್ಕೂಟದ ಪಾಲು ಏರಿಸುವ ಅಂಶ ಕರಡಿನಲ್ಲಿತ್ತು. ನಿಯಮ ಸಲಹೆಗಾರ್ತಿ ಅದಕ್ಕೆ ಒಪ್ಪಲಿಲ್ಲ, ಅದು ಬಿದ್ದುಹೋಯಿತು. ಉಳಿದದ್ದು ಬಿಡಿಬಿಡಿ ರಿಯಾಯಿತಿಗಳು. ಇಡೀ ದೇಶದ ಗ್ರಾಮೀಣ ಆಸ್ಪತ್ರೆಗಳಿಗೆಂದು ಇಟ್ಟಿದ್ದ ನಿಧಿ 2,500 ಕೋಟಿ ಡಾಲರ್‌ನಿಂದ 5,000 ಕೋಟಿಗೆ ಏರಿತು. ಐದು ವರ್ಷ ಹಂಚುವ ಆ ಹಣದಲ್ಲಿ ಅರ್ಧ ಜನಸಂಖ್ಯೆ ನೋಡದೆ ರಾಜ್ಯಗಳಿಗೆ ಸಮಪಾಲು. ಅಂದರೆ ಅಲಾಸ್ಕಾಕ್ಕೂ ಕ್ಯಾಲಿಫೋರ್ನಿಯಕ್ಕೂ ಒಂದೇ ಮೊತ್ತ. 2025ರ ಡಿಸೆಂಬರ್ ಕೊನೆಯಲ್ಲಿ ಮೊದಲ ವರ್ಷದ ಹಂಚಿಕೆ ಪ್ರಕಟವಾದಾಗ ಅಲಾಸ್ಕಾಕ್ಕೆ ಸುಮಾರು 27 ಕೋಟಿ ಡಾಲರ್ ಸಿಕ್ಕಿತ್ತು. ಅದಕ್ಕಿಂತ ಹೆಚ್ಚು ಪಡೆದದ್ದು ಟೆಕ್ಸಾಸ್ ಒಂದೇ. ಜೂನೋದಲ್ಲಿ ಹಿಮ ಒಡೆಯುವ ಹಡಗಿಗೆ ನೆಲೆ ಕಟ್ಟಲು 30 ಕೋಟಿ ಡಾಲರ್, ಸಾಂಪ್ರದಾಯಿಕ ತಿಮಿಂಗಿಲ ಬೇಟೆಯ ನಾಯಕರ ತೆರಿಗೆ ವಿನಾಯಿತಿಯ ಮಿತಿ 10,000ದಿಂದ 50,000 ಡಾಲರ್‌ಗೆ ಏರಿಕೆ, ಇವೂ ಕಾನೂನಿನಲ್ಲಿವೆ.

ಎಣ್ಣೆಯ ಮಾತೂ ಇತ್ತು, ಸಲ್ಲಿವನ್ ಮತ್ತು ಬೆಗಿಚ್ ಹೆಚ್ಚು ಒತ್ತಿದ್ದು ಅದನ್ನೇ. ಒಕ್ಕೂಟದ ನೆಲದಲ್ಲಿ, ಆರ್ಕ್ಟಿಕ್ ವನ್ಯಜೀವಿಧಾಮದಲ್ಲೂ ಸೇರಿ, ಗುತ್ತಿಗೆ ಹರಾಜುಗಳನ್ನು ನಡೆಸಲೇಬೇಕೆಂದು ಕಾನೂನು ಹೇಳುತ್ತದೆ. ಅದರಿಂದ ಬರುವ ಆದಾಯದಲ್ಲಿ ರಾಜ್ಯದ ಪಾಲು 2034ರಿಂದ ಶೇಕಡಾ 70 ಆಗಲಿದೆ.

ತಪ್ಪು ಹೆಚ್ಚಿದ್ದರೆ ಮುಂದೂಡಿಕೆ

ಇಡೀ ಕಾನೂನಿನಲ್ಲಿ ಹೆಚ್ಚು ತಲೆಕೆಡಿಸುವ ಅಂಶ ಆಹಾರ ನೆರವಿನದು. ಬಡವರಿಗೆ ದಿನಸಿ ಕೊಳ್ಳಲು ಹಣ ಕೊಡುವ ಸ್ನ್ಯಾಪ್ ಯೋಜನೆಯಲ್ಲಿ ನೆರವಿನ ಪೂರ್ತಿ ಮೊತ್ತವನ್ನು ಇದುವರೆಗೆ ಒಕ್ಕೂಟವೇ ಕೊಡುತ್ತಿತ್ತು. ಹೊಸ ಕಾನೂನಿನಲ್ಲಿ, ಅರ್ಹತೆಗಿಂತ ಹೆಚ್ಚು ಅಥವಾ ಕಡಿಮೆ ಹಣ ಕೊಟ್ಟ ತಪ್ಪಿನ ಪ್ರಮಾಣ ಶೇಕಡಾ 6ಕ್ಕಿಂತ ಹೆಚ್ಚಿರುವ ರಾಜ್ಯಗಳು 2027ರ ಅಕ್ಟೋಬರ್‌ನಿಂದ ಶೇಕಡಾ 5ರಿಂದ 15ರವರೆಗೆ ತಾವೇ ಭರಿಸಬೇಕು.

ಅಲಾಸ್ಕಾದ ತಪ್ಪಿನ ಪ್ರಮಾಣ 2023ರಲ್ಲಿ ಶೇಕಡಾ 60 ದಾಟಿತ್ತು, 2024ರಲ್ಲಿ 24.66. ದೇಶದ ಸರಾಸರಿ ಸುಮಾರು 11. ಇದು ಮೋಸದ ಅಳತೆ ಅಲ್ಲ, ಎಣಿಕೆಯ ಲೋಪದ ಅಳತೆ. ಅರ್ಜಿಗಳು ಸಾವಿರಗಟ್ಟಲೆ ಬಾಕಿ ಬಿದ್ದು ಜನ ತಿಂಗಳುಗಟ್ಟಲೆ ಹಸಿದು ಕಾದಾಗ, ರಾಜ್ಯ ಮರುಪರಿಶೀಲನೆ ಇಲ್ಲದೆಯೇ ನೆರವು ಮುಂದುವರಿಸಿತ್ತು. ಜನರ ಹೊಟ್ಟೆ ತುಂಬಿತು, ಕಡತದಲ್ಲಿ ಅದು ತಪ್ಪಾಗಿ ನಿಂತಿತು.

ಅಲಾಸ್ಕಾ ಮತ್ತು ಹವಾಯಿಗೆ ನೇರ ವಿನಾಯಿತಿ ಕೊಡುವ ಬರಹಕ್ಕೆ ನಿಯಮದ ಅಡ್ಡಿ ಬಂತು. ಆಗ ಹೆಸರು ಹೇಳದೆ ಅಲಾಸ್ಕಾವನ್ನು ಒಳಗೊಳ್ಳುವ ದಾರಿ ಹುಡುಕಿದರು: ತಪ್ಪಿನ ಪ್ರಮಾಣ ಅತಿ ಹೆಚ್ಚು, ಅಂದರೆ ಸುಮಾರು 13.3ಕ್ಕಿಂತ ಮೇಲಿರುವ ರಾಜ್ಯಗಳಿಗೆ ಎರಡು ವರ್ಷದವರೆಗೆ ಮುಂದೂಡಿಕೆ. ಫಲ ಏನಾಯಿತು ನೋಡಿ. ಶೇಕಡಾ 12 ತಪ್ಪು ಮಾಡಿದ ರಾಜ್ಯ ಕೂಡಲೇ ಹಣ ಕಟ್ಟಬೇಕು, 14 ಮಾಡಿದ ರಾಜ್ಯ ಕಟ್ಟಬೇಕಿಲ್ಲ. ಕಷ್ಟಪಟ್ಟು ವ್ಯವಸ್ಥೆ ಸರಿಪಡಿಸಿದವರು ಮುಂದೂಡಿಕೆ ಕಳೆದುಕೊಳ್ಳುತ್ತಾರೆ. ಬೇರೆ ರಾಜ್ಯಗಳ ಸದಸ್ಯರು ಸಿಟ್ಟಾದದ್ದು ಸಹಜ. ಆದರೆ ಇದನ್ನು ಒಬ್ಬ ಸೆನೆಟರ್‌ನ ದುರಾಸೆ ಎಂದು ಬಗೆಹರಿಸುವುದು ಸರಿಯಲ್ಲ. ಅಗತ್ಯವನ್ನು ನೇರವಾಗಿ ಬರೆಯಲು ಬಿಡದ ನಿಯಮ, ಅದನ್ನು ಇಂಥ ಸುತ್ತುದಾರಿಗೆ ತಳ್ಳಿತು. ಇನ್ನು, ಯೋಜನೆ ನಡೆಸುವ ಕಚೇರಿ ಖರ್ಚಿನಲ್ಲಿ ರಾಜ್ಯದ ಪಾಲು 2026ರ ಅಕ್ಟೋಬರ್‌ನಿಂದ 50ರಿಂದ 75ಕ್ಕೆ ಏರುತ್ತದೆ, ಅದಕ್ಕೆ ಮುಂದೂಡಿಕೆ ಇಲ್ಲ. ತಪ್ಪು ಕಡಿಮೆ ಮಾಡಲು ಹೆಚ್ಚು ನೌಕರರು ಬೇಕಾದ ಹೊತ್ತಿನಲ್ಲೇ ಆ ನೌಕರರ ಹೊರೆ ರಾಜ್ಯದ ಮೇಲೆ ಬೀಳುತ್ತಿದೆ.

ಅದೇ ತಿಂಗಳು, ಅದೇ ಸೆನೆಟರ್, ಫಲ ಬೇರೆ

ಹದಿನಾರು ದಿನಗಳ ನಂತರ ನಡೆದದ್ದನ್ನು ಇದರ ಪಕ್ಕ ಇಟ್ಟು ನೋಡಬೇಕು. ಈಗಾಗಲೇ ಮಂಜೂರಾದ ಸುಮಾರು 900 ಕೋಟಿ ಡಾಲರ್ ವಾಪಸ್ ಪಡೆಯುವ ಮಸೂದೆ ಸೆನೆಟ್‌ಗೆ ಬಂತು. ಅದರಲ್ಲಿ ಸಾರ್ವಜನಿಕ ರೇಡಿಯೋ ಮತ್ತು ಟಿ.ವಿ.ಗೆ ಸೇರಿದ 110 ಕೋಟಿ ಡಾಲರ್ ಇತ್ತು. ಬೆತೆಲ್‌ನ ರೇಡಿಯೋ ಕೇಂದ್ರದಂಥವು, ಮೂಲನಿವಾಸಿಗಳ ಯೂಪಿಕ್ ಭಾಷೆಯಲ್ಲೂ ಸುದ್ದಿ ಬಿತ್ತರಿಸುವಂಥವು, ಬಹುಪಾಲು ಈ ಹಣದಲ್ಲೇ ನಡೆಯುತ್ತಿದ್ದವು. ಚರ್ಚೆ ನಡೆಯುತ್ತಿದ್ದ ಜುಲೈ 16ರಂದೇ ಅಲಾಸ್ಕಾದ ಕರಾವಳಿಯಾಚೆ 7.3 ಪ್ರಮಾಣದ ಭೂಕಂಪವಾಗಿ ಸುನಾಮಿ ಎಚ್ಚರಿಕೆ ಹೊರಟಿತು. ಹಳ್ಳಿಗರಿಗೆ ಆ ಎಚ್ಚರಿಕೆ ಮುಟ್ಟಿಸುವುದು ಇದೇ ಕೇಂದ್ರಗಳು ಎಂದು ಮರ್ಕಾವ್‌ಸ್ಕಿ ಎತ್ತಿ ತೋರಿಸಿದರು, ವಿರುದ್ಧ ಮತ ಹಾಕಿದರು. ಕಾಲಿನ್ಸ್ ಕೂಡ ಹಾಕಿದರು. ಮಸೂದೆ 51–48ರಲ್ಲಿ ಗೆದ್ದಿತು.

ರಾಜ್ಯ ಅದೇ, ಸೆನೆಟರ್ ಅವರೇ, ಕಾಳಜಿ ಇನ್ನೂ ಸ್ಪಷ್ಟವಾಗಿತ್ತು. ಬದಲಾದದ್ದು ಉಳಿದವರ ಲೆಕ್ಕ. ಜುಲೈ 1ರಂದು ಮೂವರು ಈಗಾಗಲೇ ಹೊರಗಿದ್ದರು, ನಾಲ್ಕನೆಯ ಮತಕ್ಕೆ ಬಂಗಾರದ ಬೆಲೆ ಬಂತು. ಜುಲೈ 17ರ ನಸುಕಿನಲ್ಲಿ ವಿರೋಧಿಸಿದ ರಿಪಬ್ಲಿಕನ್ನರು ಇಬ್ಬರೇ, ಅವರಿಲ್ಲದೆಯೂ ಸಂಖ್ಯೆ ಸಾಕಾಗಿತ್ತು. ಪ್ರತಿನಿಧಿ ಸಭೆಯಲ್ಲಿ ಬೆಗಿಚ್ ಅವರ ಮತದ ತೂಕ ಇನ್ನೂ ಹಗುರ: ದೊಡ್ಡ ಮಸೂದೆ ಅಲ್ಲಿ 218–214ರಲ್ಲಿ ಗೆದ್ದಿತು. ಅವರು ತಿರುಗಿ ಬಿದ್ದಿದ್ದರೂ 217–215 ಆಗಿ ಗೆಲ್ಲುತ್ತಿತ್ತು.

ಸೆನೆಟ್ ಸಣ್ಣ ರಾಜ್ಯಕ್ಕೆ ಅಧಿಕಾರ ಕೊಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಕೊಡುವುದು ಅವಕಾಶವನ್ನು. ಆ ಅವಕಾಶ ಎಂದು ಅಧಿಕಾರವಾಗುತ್ತದೆ ಎಂಬುದನ್ನು ತೀರ್ಮಾನಿಸುವವರು ಮೇನ್, ಕೆಂಟಕಿ, ನಾರ್ತ್ ಕ್ಯಾರೋಲಿನಾದ ಸೆನೆಟರುಗಳು. ಆಗಲೂ ಸಿಗುವುದು ಬಹುತೇಕ ಗಡುವಿರುವ ರಿಯಾಯಿತಿ. ಸ್ಟೀವನ್ಸ್ ಅವರಂಥ ಪ್ರಬಲರಿದ್ದ 1990ರ ದಶಕದ ಕೊನೆಯಲ್ಲೂ ಅಲಾಸ್ಕಾದ ಮೆಡಿಕೇಡ್ ಪಾಲನ್ನು ವಿಶೇಷವಾಗಿ 59.8ಕ್ಕೆ ಏರಿಸಿದ್ದರು. ಕೆಲವು ವರ್ಷಗಳಲ್ಲಿ ಅದು ಮುಗಿದು, ಹಳೆಯ ಸೂತ್ರವೇ ಮರಳಿತು.

ಎದುರುಬದುರು ನಿಂತಿರುವ ವಾದಗಳು

ಖರ್ಚು ತಗ್ಗಿಸಬೇಕೆನ್ನುವವರ ಮಾತಿನಲ್ಲಿ ಬಲವಿದೆ. ಸ್ವಂತ ಜನರಿಂದ ಆದಾಯ ತೆರಿಗೆ ಪಡೆಯದೆ, ಅವರಿಗೇ ವರ್ಷವರ್ಷ ಹಣ ಹಂಚುವ ರಾಜ್ಯಕ್ಕೆ ಒಹಾಯೋದ ಕಾರ್ಮಿಕನ ತೆರಿಗೆ ಏಕೆ ಹೋಗಬೇಕು ಎಂದು ಅವರು ಕೇಳುತ್ತಾರೆ. ತಲಾವಾರು ಒಕ್ಕೂಟದ ನೆರವಿನಲ್ಲಿ ಅಲಾಸ್ಕಾ ಮೊದಲ ಸಾಲಿನ ರಾಜ್ಯ ಎಂಬುದೂ ನಿಜ. ಆದರೆ ಖರ್ಚು ತಗ್ಗಿಸುವ ಹೆಸರಿನಲ್ಲಿ ಬಂದ ಈ ಕಾನೂನೇ ಹತ್ತು ವರ್ಷದಲ್ಲಿ ಕೊರತೆಯನ್ನು 3.4 ಲಕ್ಷ ಕೋಟಿ ಡಾಲರ್ ಹೆಚ್ಚಿಸುತ್ತದೆ ಎಂದು ಕಾಂಗ್ರೆಸ್‌ನದೇ ಬಜೆಟ್ ಕಚೇರಿ ಅಂದಾಜಿಸಿತು, ಆರೋಗ್ಯ ವಿಮೆ ಇಲ್ಲದವರ ಸಂಖ್ಯೆ 2034ರ ಹೊತ್ತಿಗೆ ಒಂದು ಕೋಟಿ ಏರುತ್ತದೆ ಎಂದೂ ಹೇಳಿತು.

ಅಲಾಸ್ಕಾದವರ ಉತ್ತರ ಜಮೀನಿನದು: ನೆಲದ ಅರವತ್ತು ಭಾಗ ನಿಮ್ಮದು, ಅಲ್ಲಿ ನಾವು ದುಡಿಯಬಾರದು ಎಂದವರೂ ನೀವು, ಹಾಗಾದರೆ ಖರ್ಚಿಗೂ ಕೈಹಾಕಿ. ಮೂಲನಿವಾಸಿ ನಾಯಕರದು ಬೇರೆಯೇ ನೆಲೆ. ಆರೋಗ್ಯ ಸೇವೆ ತಮಗೆ ಕೊಡುವ ದಾನವಲ್ಲ, ನೆಲ ಪಡೆದ ಸರ್ಕಾರ ಹೊತ್ತ ಹೊಣೆ ಎನ್ನುತ್ತಾರೆ. ಹೊಸ ಕಾನೂನು ಮೆಡಿಕೇಡ್‌ಗೆ ತಿಂಗಳಿಗೆ 80 ಗಂಟೆ ಕೆಲಸದ ಷರತ್ತು ಹಾಕಿ, ಅದರಿಂದ ಅವರನ್ನು ಹೊರಗಿಟ್ಟಿದೆ. ಹೊರಗಿಟ್ಟಿರುವುದನ್ನು ಸಾಬೀತುಪಡಿಸುವ ಕಾಗದಪತ್ರ ಮಾತ್ರ, ಆಹಾರ ನೆರವಿನ ಅರ್ಜಿಗಳನ್ನೇ ಸಮಯಕ್ಕೆ ನೋಡಲಾಗದ ಅದೇ ಆಡಳಿತದ ಮೇಜಿಗೆ ಬರಬೇಕು.

ಎಣ್ಣೆಯೇ ಪರಿಹಾರ ಎನ್ನುವವರ ವಾದದಲ್ಲಿ ಒಂದು ತೂತಿದೆ. ಆರ್ಕ್ಟಿಕ್ ವನ್ಯಜೀವಿಧಾಮದಲ್ಲಿ 2021ರ ಹರಾಜಿನಲ್ಲಿ ಬಂದದ್ದು ಸುಮಾರು 1.4 ಕೋಟಿ ಡಾಲರ್, ಅದರಲ್ಲೂ ಹೆಚ್ಚಿನ ಬಿಡ್ ರಾಜ್ಯದ್ದೇ ಸಂಸ್ಥೆಯದು. 2025ರ ಜನವರಿಯ ಹರಾಜಿಗೆ ಒಂದು ಬಿಡ್ಡೂ ಬರಲಿಲ್ಲ. ಕಾನೂನು ಹರಾಜನ್ನು ಕಡ್ಡಾಯ ಮಾಡಬಹುದು, ಕೊಳ್ಳುವವರನ್ನು ಕಡ್ಡಾಯ ಮಾಡಲಾಗದು.

ಮುಂದಿನ ನಾಲ್ಕೈದು ವರ್ಷ

2025ರ ಅಕ್ಟೋಬರ್‌ನಲ್ಲಿ ಹಾಲಾಂಗ್ ಚಂಡಮಾರುತದ ಉಳಿಕೆ ಪಶ್ಚಿಮ ಕರಾವಳಿಯ ಕಿಪ್ನಕ್, ಕ್ವಿಗಿಲಿಂಗೊಕ್ ಹಳ್ಳಿಗಳನ್ನು ಮುಳುಗಿಸಿತು. ಮನೆಗಳು ಬುಡಸಮೇತ ತೇಲಿ ಹೋದವು, ಸಾವಿರಕ್ಕೂ ಹೆಚ್ಚು ಜನರನ್ನು ಸೇನಾ ವಿಮಾನಗಳಲ್ಲಿ ಸಾಗಿಸಬೇಕಾಯಿತು. ಕಿಪ್ನಕ್‌ನ ನದಿದಂಡೆ ಗಟ್ಟಿಮಾಡಲು ಮಂಜೂರಾಗಿದ್ದ 2 ಕೋಟಿ ಡಾಲರ್ ಅನುದಾನವನ್ನು ಅದೇ ವರ್ಷದ ಮೇ ತಿಂಗಳಲ್ಲಿ ಒಕ್ಕೂಟ ರದ್ದುಮಾಡಿತ್ತು. ಆ ಹಣ ಇದ್ದಿದ್ದರೂ ಕೆಲಸ ಅಕ್ಟೋಬರ್‌ಗೆ ಮುಗಿಯುತ್ತಿರಲಿಲ್ಲ, ಇದನ್ನೂ ಹೇಳಬೇಕು. ಆದರೆ ಕಾಂಗ್ರೆಸ್‌ನಲ್ಲಿ ಮತಕ್ಕೇ ಬಾರದೆ, ಒಂದು ಇಲಾಖೆಯ ಪತ್ರದಿಂದ ಹೋಗುವ ಇಂಥ ಹಣಕ್ಕೆ ಸೆನೆಟ್‌ನ ಯಾವ ನಿರ್ಣಾಯಕ ಮತವೂ ಕಾವಲಲ್ಲ. ಅದೇ ತಿಂಗಳು ಶುರುವಾದ 43 ದಿನಗಳ ಸರ್ಕಾರಿ ಸ್ಥಗಿತದಲ್ಲಿ, ರಸ್ತೆಯಿಲ್ಲದ ಊರುಗಳಿಗೆ ವಿಮಾನ ಹಾರಿಸುವ ಸಹಾಯಧನವೂ ನಿಲ್ಲುವ ಭಯ ಹುಟ್ಟಿತು.

ಒತ್ತಡ ಈಗಾಗಲೇ ಮತಗಳಲ್ಲಿ ಕಾಣುತ್ತಿದೆ. ಆರೋಗ್ಯ ವಿಮೆಯ ಕಂತಿಗೆ ಸಿಗುತ್ತಿದ್ದ ಹೆಚ್ಚುವರಿ ಸಹಾಯಧನವನ್ನು ಮೂರು ವರ್ಷ ಮುಂದುವರಿಸುವ ಡೆಮಾಕ್ರಾಟರ ಮಸೂದೆ 2025ರ ಡಿಸೆಂಬರ್‌ನಲ್ಲಿ ಸೆನೆಟ್‌ಗೆ ಬಂದಾಗ, ಪರವಾಗಿ ನಿಂತ ನಾಲ್ವರು ರಿಪಬ್ಲಿಕನ್ನರಲ್ಲಿ ಇಬ್ಬರು ಅಲಾಸ್ಕಾದವರೇ. ಪಕ್ಷಕ್ಕೆ ಹೆಚ್ಚು ನಿಷ್ಠರಾದ ಸಲ್ಲಿವನ್ ಕೂಡ ಮರ್ಕಾವ್‌ಸ್ಕಿ ಜೊತೆ ಸೇರಿದರು. ಅಲ್ಲಿ 60 ಮತ ಬೇಕಿತ್ತು, ಸಿಕ್ಕಿದ್ದು 51. ಸಲ್ಲಿವನ್ ಮತ್ತು ಬೆಗಿಚ್ ಇಬ್ಬರ ಸ್ಥಾನಕ್ಕೂ 2026ರ ನವೆಂಬರ್‌ನಲ್ಲಿ ಚುನಾವಣೆ.

ಅಲಾಸ್ಕಾ ತನ್ನ ಕೈಯಲ್ಲಿರುವುದನ್ನು ಮಾಡಿಕೊಳ್ಳಬಹುದಾದ ಒಂದು ದಾರಿ ಈಗ ಮುಚ್ಚಿದೆ. ಬೇರೆಲ್ಲ ರಾಜ್ಯಗಳೂ ಆಸ್ಪತ್ರೆಗಳಂಥ ಸೇವಾದಾರರ ಮೇಲೆ ತೆರಿಗೆ ಹಾಕಿ, ಆ ಹಣವನ್ನು ತಮ್ಮ ಪಾಲಾಗಿ ತೋರಿಸಿ, ಮೆಡಿಕೇಡ್‌ಗೆ ಹೆಚ್ಚಿನ ಒಕ್ಕೂಟದ ಹಣ ತರುತ್ತಿದ್ದವು. ಅದನ್ನು ಮಾಡದಿದ್ದ ಏಕೈಕ ರಾಜ್ಯ ಅಲಾಸ್ಕಾ. ಹೊಸ ಕಾನೂನು ಇಂಥ ಹೊಸ ತೆರಿಗೆಗಳನ್ನು ನಿಷೇಧಿಸಿದೆ. ಉಳಿದಿರುವುದು ಜೂನೋದ ಶಾಸನಸಭೆ ವರ್ಷಗಳಿಂದ ಮುಂದೂಡುತ್ತಿರುವ ಪ್ರಶ್ನೆ: ಆದಾಯ ತೆರಿಗೆಯೋ, ಮಾರಾಟ ತೆರಿಗೆಯೋ, ಲಾಭಾಂಶದ ಇನ್ನಷ್ಟು ಕಡಿತವೋ. ನನ್ನ ಎಣಿಕೆಯಲ್ಲಿ ಇವುಗಳಲ್ಲಿ ಕೊನೆಯದು ಅತ್ಯಂತ ಸುಲಭ, ಅತ್ಯಂತ ಅನ್ಯಾಯದ್ದು ಕೂಡ. ತೆರಿಗೆ ಗಳಿಕೆಗೆ ತಕ್ಕಂತೆ ಬೀಳುತ್ತದೆ, ಲಾಭಾಂಶದ ಕಡಿತ ಆರು ಮಕ್ಕಳಿರುವ ಬಡ ಮನೆಗೆ ಎಂಟು ಪಾಲಾಗಿ ಬೀಳುತ್ತದೆ.

ಅದನ್ನು ತೀರ್ಮಾನಿಸಲು ಇರುವ ಸಮಯವನ್ನು ಕಾನೂನಿನ ದಿನಾಂಕಗಳೇ ಹೇಳುತ್ತವೆ. ಮೆಡಿಕೇಡ್‌ನ ಕೆಲಸದ ಷರತ್ತು 2027ರ ಜನವರಿಯೊಳಗೆ ಜಾರಿಯಾಗಬೇಕು. ಆಹಾರ ನೆರವಿನ ಮುಂದೂಡಿಕೆ ಹೆಚ್ಚೆಂದರೆ 2029ರ ಸುಮಾರಿಗೆ ಮುಗಿಯುತ್ತದೆ. ಗ್ರಾಮೀಣ ಆಸ್ಪತ್ರೆಗಳ ನಿಧಿಯ ಐದನೇ ಮತ್ತು ಕೊನೆಯ ಕಂತು 2030ರದ್ದು. ಎಣ್ಣೆಯ ಶೇಕಡಾ 70ರ ಪಾಲು, ಅಷ್ಟರಲ್ಲಿ ಯಾರಾದರೂ ಬಾವಿ ತೋಡಿದ್ದರೆ, 2034ಕ್ಕೆ ಶುರು. ನಡುವಿನ ನಾಲ್ಕು ವರ್ಷ ಬೆತೆಲ್‌ನಿಂದ ಆಂಕರೇಜ್‌ಗೆ ರೋಗಿಯನ್ನು ಹೊತ್ತೊಯ್ಯುವ ವಿಮಾನದ ಖರ್ಚು ಯಾರ ಲೆಕ್ಕಕ್ಕೆ ಬರೆಯಬೇಕು ಎಂದು ಆ ಕಾನೂನಿನ ಯಾವ ಪುಟವೂ ಹೇಳುವುದಿಲ್ಲ.